ಒತ್ತಿದರೂ ಇಳಿಯದ ವೈ

ದೆವ್ವ, ಶಕುನ, ಪವಾಡ ಇವೆಲ್ಲ ನನಗೆ ಯಾವಾಗಲೂ ನಗುವಿನ ವಿಷಯಗಳಾಗಿದ್ದವು. ಕಾನ್ವೆಂಟಿನ ಸಿಸ್ಟರ್‌ಗಳು ಸೂಪರ್‌ಸ್ಟಿಷನ್ ಎಂದರೆ ಯೋಚಿಸಲು ಬೇಸರಪಡುವವರ ಕಾಯಿಲೆ ಎಂದು ಕಲಿಸಿದ್ದರು, ನಾನೂ ನಂಬಿದ್ದೆ. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಬಲಗೈ ಮಣಿಕಟ್ಟು ಹಿಡಿದುಕೊಂಡು ಮೌಸ್ ಆಡಿಸುವುದೇ ಆಗದಾಯಿತು. ಮಾಟುಂಗದ ಮನೆಯಲ್ಲಿ ನನ್ನ ಜೊತೆಗಿರುವವಳು ತಂಗಿಯ ಮಗಳು ಅನಘಾ. ಅವಳಿಗೆ ಕಾಂದಿವಲಿಯಲ್ಲಿ ಕಂಪ್ಯೂಟರ್ ಕೆಲಸ. ಒಂದು ರವಿವಾರ ಮಧ್ಯಾಹ್ನ ಅವಳೇ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ಎಂಬ ಕಪ್ಪು ಪರದೆ ತೆರೆದು, ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು. ಏನೇನೋ ಅಕ್ಷರಗಳು ಸರಸರನೆ ಓಡಿ ನಿಂತವು. ಫೈಲುಗಳನ್ನು ಹುಡುಕಿ ತೆರೆಯುವ ಹೊಸ ಫೈಲ್ ಮ್ಯಾನೇಜರ್ ಇನ್‌ಸ್ಟಾಲ್ ಆಗಿತ್ತು. ಅದಕ್ಕೆ ಮೌಸ್ ಬೇಕಿಲ್ಲ. ಜೆ ಒತ್ತಿದರೆ ಕೆಳಗೆ, ಕೆ ಒತ್ತಿದರೆ ಮೇಲೆ, ಎಲ್ ಒತ್ತಿದರೆ ಫೋಲ್ಡರಿನ ಒಳಗೆ.

“ನೀವು ಟೈಪಿಸ್ಟ್ ಇದ್ರಲ್ಲಾ ಮೌಶಿ, ನಿಮಗ ಏಕದಮ್ ಈಝಿ,” ಎಂದಳು. “ಹೆಸರು ಹುಡುಕೂದಿದ್ರ ಮಾತ್ರ ಮೊದಲ ಸ್ಲ್ಯಾಶ್ ಒತ್ರಿ. ಇಲ್ಲಾಂದ್ರ ಒಂದೊಂದ ಅಕ್ಷರಾನೂ ಒಂದೊಂದ ಹುಕುಂ ಆಗ್ತದ, ಹಾಂ!”

“ಜನ್ಮಾ ಪೂರಾ ಫೋರ್ಟಿನ ಆಫೀಸಿನ್ಯಾಗ ಸಾಹೇಬ್ರ ಹುಕುಂ ಟೈಪ್ ಮಾಡೀನಿ. ನನಗ ಕಲಸ್ತೀಯೇನು?” ಎಂದೆ. ಅವಳು ನಗುತ್ತ ಚಹಾ ಇಡಲು ಒಳಗೆ ಹೋದಳು.

ನನಗೆ ಬೇಕಾಗಿದ್ದುದು ಡ್ಯಾಡಿ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟ ಫೋಲ್ಡರ್. ಧಾರವಾಡದ ಮನೆಯಲ್ಲಿ ನಮ್ಮ ತಂದೆ ಹೊಸ ಟೇಪ್‌ರೆಕಾರ್ಡರ್ ಪರೀಕ್ಷಿಸುತ್ತ, “ಹಲೋ, ಹಲೋ… ಇದು ನಡೀಲಿಕ್ಕತ್ತದೇನು ನೋಡು ಬೇಬಿ,” ಎಂದು ನನಗೆ ಹೇಳಿದ್ದ ಮಾತುಗಳು ಅದರಲ್ಲಿದ್ದವು. ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕ್ಯಾಸೆಟ್ ಬೂಷ್ಟು ಹಿಡಿದು ಹೋಗಿತ್ತು. ಡ್ಯಾಡಿಯ ದನಿ ಈ ಜಗತ್ತಿನಲ್ಲಿ ಉಳಿದಿದ್ದು ಅಲ್ಲಿ ಮಾತ್ರ. ಇನ್ನೊಂದು ಕಾಪಿ ಮಾಡಿಡುವ ಬುದ್ಧಿ ನಮಗಿಬ್ಬರಿಗೂ ಬಂದಿರಲಿಲ್ಲ.

ಆ ಫೋಲ್ಡರ್ ಆಗಲೇ ಪರದೆಯ ಮೇಲೆ ಆಯ್ಕೆಯಾಗಿ ನಿಂತಿತ್ತು. ಆದರೆ ಹಳೆಯ ಟೈಪಿಸ್ಟ್ ಪರದೆಯನ್ನು ಎಲ್ಲಿ ನೋಡುತ್ತಾಳೆ? ಕಿಟಕಿಯಾಚೆ ನೋಡುತ್ತ, ಸ್ಲ್ಯಾಶ್ ಮರೆತು, ಅಭ್ಯಾಸಬಲದಿಂದ ಹೆಸರು ಹೊಡೆದೆ. ಕ್ಯಾಪಿಟಲ್ ಡಿ, ಎ, ಡಿ, ಡಿ. ವೈ ಮಾತ್ರ ಇಳಿಯಲಿಲ್ಲ.

ಮತ್ತೆ ಒತ್ತಿದೆ. ಕಲ್ಲು ಒತ್ತಿದಂತಾಯಿತು. ಮಣಿಕಟ್ಟಿನ ದೋಷವಿರಬೇಕೆಂದು ಎಡಗೈ ಹೆಬ್ಬೆರಳಿಟ್ಟು ಭಾರ ಬಿಟ್ಟೆ. ಉಹುಂ. ಸಿಟ್ಟು ಬಂತು, ಯಾಕೋ ಅದರ ಬೆನ್ನಿಗೇ ಮೈ ತಣ್ಣಗಾಯಿತು. ಅನಘಾಳನ್ನು ಕರೆದೆ.

“ಏನ್ ಮೌಶಿ, ಕೀಬೋರ್ಡ್ ಜೋಡಿ ಕುಸ್ತಿ ಹಿಡದೀರೇನು?” ಎನ್ನುತ್ತ ಬಂದು, ನನ್ನ ಹೆಗಲ ಮೇಲಿಂದ ಬಗ್ಗಿ ಅವಳೂ ವೈ ಒತ್ತಿದಳು. ಇಳಿಯಲಿಲ್ಲ. ಮತ್ತೊಮ್ಮೆ ಜೋರಾಗಿ ಒತ್ತಿದಳು. ಆಮೇಲೆ ಪರದೆ ನೋಡಿದವಳ ನಗು ಹೋಯಿತು.

“ಕೈ ತಗೀರಿ. ಪ್ಲೀಸ್, ಯಾವುದಕ್ಕೂ ಮುಟ್ಟಬ್ಯಾಡ್ರಿ.”

ಡ್ಯಾಡಿ ಫೋಲ್ಡರನ್ನು ಶಾಶ್ವತವಾಗಿ ಅಳಿಸಲೇ ಎಂದು ಪರದೆ ಕೇಳುತ್ತಿತ್ತು. ಕ್ಯಾಪಿಟಲ್ ಡಿ ಅಂದರೆ ಪೂರ್ತಿ ಡಿಲೀಟ್. ಆ ಪ್ರಶ್ನೆಗೆ ವೈ ಎಂದರೆ ಯೆಸ್, ಎನ್ ಎಂದರೆ ನೋ. ನಡುವಿನ ಅಕ್ಷರಗಳಿಗೆ ಲೆಕ್ಕವಿಲ್ಲ. ವೈ ಇಳಿದಿದ್ದರೆ ಮರಳಿ ತರುವ ದಾರಿ ತನಗೂ ಗೊತ್ತಿಲ್ಲ ಎಂದಳು. ಉಸಿರು ಬಿಗಿಹಿಡಿದು ಎನ್ ಒತ್ತಿದಳು. ಪ್ರಶ್ನೆ ಮಾಯವಾಯಿತು. ಫೋಲ್ಡರ್ ಇತ್ತು.

ಆಮೇಲೆ ಒಂದು ಖಾಲಿ ಪುಟ ತೆರೆದು, ಹೆದರುತ್ತ ಹೆದರುತ್ತ ವೈ ಮುಟ್ಟಿದಳು. ಬೆಣ್ಣೆಯಂತೆ ಇಳಿಯಿತು. ಇಡೀ ಸಾಲು ವೈಗಳಿಂದ ತುಂಬಿತು. ಅಡುಗೆಮನೆಯಲ್ಲಿ ಚಹಾ ಉಕ್ಕಿದ ವಾಸನೆ ಬಂದರೂ ಇಬ್ಬರೂ ಏಳಲಿಲ್ಲ.

ಬಿಸ್ಕೀಟಿನ ಚೂರು ಸಿಕ್ಕಿರಬೇಕು ಎಂದು ಆ ಸಂಜೆ ಅವಳು ಕೀಲಿ ಕಿತ್ತು ನೋಡಿದಳು. ಒಳಗೆ ಏನೂ ಇರಲಿಲ್ಲ. ದನಿಯನ್ನು ಬೇರೆ ಬೇರೆ ಕಡೆ ಕಾಪಿ ಮಾಡಿಟ್ಟಳು. ಆ ವಿಷಯ ಮತ್ತೆ ಎತ್ತಲಿಲ್ಲ. ನಾನು ಎತ್ತಿದರೂ, “ಮೆಕ್ಯಾನಿಕಲ್ ಫಾಲ್ಟ್ ಮೌಶಿ, ಬಿಡ್ರಿ,” ಎನ್ನುತ್ತಿದ್ದಳು. ಇರಬಹುದೆಂದು ನಾನೂ ಅಂದುಕೊಂಡೆ.

ಮೊನ್ನೆ ಲೋಕಲ್ ಟ್ರೇನ್ ಇಳಿದು ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ, ಬಾಗಿಲಲ್ಲೇ ನಿಂತು ಕೇಳಿದಳು: “ಮೌಶಿ, ಅವತ್ತ ಆ ಕೀಲಿ ಒತ್ತೂ ಮುಂದ, ಕೆಳಗಿಂದ ಯಾರೋ ನಮ್ಮ ಬೆರಳು ಎತ್ತಿ ಹಿಡದಂಗ ನಿಮಗೂ ಅನಸ್ತೇನು?”

ಅದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.