ಮಾನ್ವಿ ರಸ್ತೆಗಾಗಿ ಕಟ್ಟಿದ ಇಂಜಿನ್

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದೆ. ಹೆಂಡತಿ ಮಾನ್ವಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾಗಿ ಎರಡು ವರ್ಷವಾದರೂ ಇಬ್ಬರಿಗೂ ಒಂದೇ ಊರಿಗೆ ವರ್ಗ ಸಿಕ್ಕಿರಲಿಲ್ಲ. ಶನಿವಾರ ಬೆಳಗಿನ ಶಾಲೆ ಬಿಡುತ್ತಲೇ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದೆ. ನೇರ ಬಸ್ಸು ತಪ್ಪಿದರೆ ರಾಯಚೂರಿಗೆ ಹೋಗಿ, ಅಲ್ಲಿಂದ ಮಾನ್ವಿಗೆ. ನಾನು ಮುಟ್ಟುವಷ್ಟರಲ್ಲಿ ಅವಳು ಡ್ಯೂಟಿಗೆ ಹೊರಟಿರುತ್ತಿದ್ದಳು. ಮನೆಯಲ್ಲಿದ್ದರೂ ನನಗೆ ಭಾನುವಾರ ಸಂಜೆಯ ಬಸ್ಸಿನದೇ ಚಿಂತೆ. ಬಾಗಿಲಿಗೂ ಒಲೆಗೂ ನಡುವೆ ತಿರುಗಾಡುತ್ತಿದ್ದೆ.

“ಒಂದ್ ಕಡಿ ಕುಂದರ್ರಿ, ನಿಮ್ಮನ್ನ ನೋಡಿ ನನಗ ತಲಿ ತಿರಗತದ,” ಎನ್ನುತ್ತಿದ್ದಳು.

ಹೀಗೆ ಬಸ್ಸು ತಪ್ಪಿ ರಾಯಚೂರಿನಲ್ಲಿ ಅಲೆಯುತ್ತಿದ್ದ ಒಂದು ಶನಿವಾರ, ಹತ್ತಿ ಜಿನ್ನಿನ ಗೋಡೆಯ ಪಕ್ಕ ಆ ಕಾರು ಕಣ್ಣಿಗೆ ಬಿತ್ತು. ಇಂಗ್ಲೆಂಡಿನಲ್ಲಿ ತಯಾರಾದ ಪುಟ್ಟ ಗಾಡಿ. ದುಂಡು ಬೆನ್ನು, ಎರಡೇ ಬಾಗಿಲು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಜಿನ್ನಿನಲ್ಲಿ ಲೆಕ್ಕ ಬರೆಯುವ ವಯಸ್ಸಾದ ಮುನೀಮರದ್ದು.

“ಇಂಜಿನ್ ಹಿಡಕೊಂಡದ ಮಾಸ್ತರ್ರ. ಹ್ಯಾಂಡಲ್ ಹಾಕಿದ್ರೂ ಅಳ್ಳಾಡವಲ್ದು. ಗುಜರಿಗೆ ಹಾಕಾಂವ ಇದ್ದೆ,” ಎಂದರು.

ನಾನು ಆ ವಾರವೇ ನನ್ನ ಸೈಕಲ್ಲನ್ನೂ ಮಾವ ಕೊಟ್ಟ ಉಂಗುರವನ್ನೂ ಮಾರಿ ಅದನ್ನು ಕೊಂಡೆ. ಹೆಂಡತಿಗೆ ಹೇಳಲಿಲ್ಲ. ಮುಂದಿನ ಭಾನುವಾರ ರೊಟ್ಟಿ ಬಡಿಸುವಾಗ ಅವಳೇ ಬೆರಳು ನೋಡಿದಳು.

“ಉಂಗುರ ಎಲ್ಲದ?”

“ಕಾರ್ ತಗೊಂಡೀನಿ.”

“ಕಾರ್ ಎಲ್ಲದ?”

“ರಾಯಚೂರಾಗ. ಅದು ನಡಿಯಂಗಿಲ್ಲ.”

ಅವಳು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಕ್ಕೇ ನೀರು ಬಂತೋ, ಅತ್ತಳೋ, ಕೇಳುವ ಧೈರ್ಯ ನನಗಾಗಲಿಲ್ಲ.

ರಾಯಚೂರಿನ ಸ್ಟೇಷನ್ ಕಡೆಯ ಗಲ್ಲಿಯಲ್ಲಿ ಗಾಡಿ ರಿಪೇರಿಯ ಮಿಸ್ತ್ರಿಯೊಬ್ಬರು ಇದ್ದರು. ಅರವತ್ತು ದಾಟಿದವರು, ಕಿವಿ ಮಂದ. ಮನೆಯವರ ಜೊತೆ ದಖನಿ ಉರ್ದು, ನನ್ನ ಜೊತೆ ಕನ್ನಡ. ಇಂಜಿನ್ನಿನ ಸದ್ದು ಕೇಳಬೇಕಾದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಅವರಲ್ಲಿಗೆ ತಳ್ಳಿಸಿಕೊಂಡು ಹೋದ ಗಾಡಿಯಿಂದ ಕೇಳುವಂಥದ್ದೇನೂ ಇರಲಿಲ್ಲ.

“ಹೊಸಾ ಸಾಮಾನು ನಿಮ್ಮ ಕೈಲೆ ಆಗಂಗಿಲ್ಲ. ಇದ್ದದ್ದ ತಿದ್ದಬೇಕು. ಕೆಲಸ ನೀವ ಮಾಡ್ರಿ, ನಾ ತೋರಸ್ತೀನಿ. ಆದ್ರ ಜಲ್ದಿ ಮಾಡಬ್ಯಾಡ್ರಿ,” ಎಂದರು.

ಮೊದಲು ನಾಲ್ಕೂ ಸಿಲಿಂಡರಿಗೆ ಸೀಮೆಎಣ್ಣೆ ಹೊಯ್ದು ಬಿಟ್ಟೆವು. ಪ್ರತಿ ಭಾನುವಾರ ಮಾನ್ವಿಯಿಂದ ಬೇಗ ಹೊರಟು ಬಂದು, ಇಂಜಿನ್ ತಿರುಗಿಸುವ ಹ್ಯಾಂಡಲ್ ಒತ್ತುತ್ತಿದ್ದೆ. ಮೂರನೆಯ ಭಾನುವಾರ ಅದು ಒಂದು ಬೆರಳಿನಷ್ಟು ಸರಿಯಿತು. ಕೂಗಿದೆ. ಮಿಸ್ತ್ರಿಗೆ ಕೇಳಿಸಲಿಲ್ಲ. ಅವರ ಕೈ ಎಳೆದು ಹ್ಯಾಂಡಲ್ ಮೇಲಿಟ್ಟೆ. ಆಗ ಅವರು ಬಾಯಿತುಂಬ ನಕ್ಕರು.

ಬಿಚ್ಚಿದ ಮೇಲೆ ಕಷ್ಟ ಶುರುವಾಯಿತು. ಪಿಸ್ಟನ್ ರಿಂಗುಗಳು ಸವೆದುಹೋಗಿದ್ದವು, ಆ ಅಳತೆಯವು ಎಲ್ಲೂ ಸಿಗುತ್ತಿರಲಿಲ್ಲ. ಹೊಲಕ್ಕೆ ನೀರೆತ್ತುವ ಇಂಜಿನ್ನಿನ ರಿಂಗು ಕೂದಲೆಳೆಯಷ್ಟು ದೊಡ್ಡವು. ಅವುಗಳ ತುದಿಯನ್ನು ಅರದಿಂದ ಉಜ್ಜಿ ಕೂರಿಸಿದೆವು. ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇಡುವ ತಗಡನ್ನು ಪಾತ್ರೆಗೆ ಕಲಾಯಿ ಹಾಕುವವರೊಬ್ಬರು ತಾಮ್ರದಲ್ಲಿ ಕತ್ತರಿಸಿಕೊಟ್ಟರು.

ಹೆಡ್ಡಿನ ವಾಲ್ವುಗಳನ್ನು, ಅವು ಸೋರದಂತೆ, ತರಿತರಿ ಮುಲಾಮು ಹಚ್ಚಿ ಕೂತು ಉಜ್ಜಬೇಕು. ಅಷ್ಟು ಹೊತ್ತು ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ಮಾನ್ವಿ ಬಸ್ಸು ಹತ್ತಿದೆ. “ಏನ್ರಿ ಇದು?” ಎಂದ ಕಂಡಕ್ಟರ್. “ಕಾರಿನ ತಲಿ,” ಎಂದೆ. “ಮೈ ಯಾವ ಬಸ್ಸಿನ್ಯಾಗ ಬರಾಕತ್ತೈತ್ರಿ?” ಎಂದು ಕೇಳಿ ಲಗೇಜು ಟಿಕೆಟ್ ಹರಿದ.

ಹೆಂಡತಿ ಕಟ್ಟೆಯ ಮೇಲೆ ಕೂತು, ವಾಲ್ವಿಗೆ ಸಿಕ್ಕಿಸಿದ ಕೋಲನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಿದಳು. ಆಗ ಅವಳಿಗೆ ಆರು ತಿಂಗಳು. ನಾನು ನಿಮಿಷಕ್ಕೊಮ್ಮೆ ಬಗ್ಗಿ ನೋಡುತ್ತಿದ್ದೆ.

“ಹೆರಿಗಿಗೆ ಅವಸರ ಮಾಡಿದ್ರ ಕೂಸು ಬರ್ತದೇನು? ಸರೀರಿ ಅತ್ಲಾಗ,” ಎಂದಳು.

ಅವಳು ಉಜ್ಜಿದ ವಾಲ್ವುಗಳ ಮೇಲೆ ಪೆಟ್ರೋಲು ಹೊಯ್ದು ನೋಡಿದ ಮಿಸ್ತ್ರಿ, ಒಂದು ಹನಿಯೂ ಕೆಳಗಿಳಿಯದಿದ್ದುದನ್ನು ಕಂಡು, “ಇದು ನಿಮ್ಮ ಕೈದಲ್ಲ,” ಎಂದರು.

ದೀಪಾವಳಿ ರಜೆಯಲ್ಲಿ ಹೆಡ್ಡು ಕೂರಿಸುವ ದಿನ ಬಂತು. ಶುಕ್ರವಾರ. ಮಧ್ಯಾಹ್ನದ ನಮಾಜಿಗೆ ಹೊರಟ ಮಿಸ್ತ್ರಿ, “ನಾ ಬರೂತನ ಕೈ ಹಚ್ಚಬ್ಯಾಡ್ರಿ,” ಎಂದು ಹೇಳಿಯೇ ಹೋದರು. ನಾನು ಸ್ವಲ್ಪ ಹೊತ್ತು ಗಲ್ಲಿಯಲ್ಲಿ ತಿರುಗಿದೆ. ಚಹಾ ಕುಡಿದೆ. ಮತ್ತೆ ಬಂದು ಪಾನಾ ಕೈಗೆತ್ತಿಕೊಂಡೆ. ಒಂದೊಂದೇ ನಟ್ಟು ಬಿಗಿಯುತ್ತ ಹೋದೆ. ಐದನೆಯದಕ್ಕೆ ಟಕ್ ಎಂದಿತು. ಬೋಲ್ಟು ತುಂಡಾಗಿ, ಅರ್ಧ ಇಂಜಿನ್ನಿನೊಳಗೇ ಉಳಿಯಿತು.

ಮಿಸ್ತ್ರಿ ಬಂದು ತುಂಡಾದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಬೈಯುತ್ತಾರೆಂದು ಕಾದೆ.

“ಯಾರ ಹತ್ರ ಹೋಗಾಕ ಇಷ್ಟ್ ಅವಸರ ಮಾಸ್ತರ್ರ?”

“ಹೆಂಡತಿ ಬಸುರಿ ಅದಾಳ ಚಾಚಾ,” ಎಂದೆ. ಅವರಿಗೆ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಿದೆ. ಕೊನೆಗೆ ಕೂಗಿಯೇ ಬಿಟ್ಟೆ: “ನಾ ಇಲ್ಲದ ಹೊತ್ತಿನಾಗ ಏನರ ಆದ್ರ ಏನ್ ಮಾಡ್ಲಿ?”

ಗಲ್ಲಿಯವರೆಲ್ಲ ತಿರುಗಿ ನೋಡಿದರು. ಆ ಮಾತನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಕಾರು ಕೊಂಡ ದಿನದಿಂದ, ಅಥವಾ ಅದಕ್ಕೂ ಮೊದಲಿಂದ, ಎದೆಯಲ್ಲಿ ಅದೇ ಓಡಾಡುತ್ತಿತ್ತೆಂದು ಅಲ್ಲಿ ಕೂಗಿದ ಮೇಲೆಯೇ ನನಗೂ ಗೊತ್ತಾದದ್ದು.

ಮಿಸ್ತ್ರಿ ಸ್ಟೂಲು ಎಳೆದುಕೊಟ್ಟರು. “ಆಕಿ ಆಸ್ಪತ್ರಿಯಾಗ ಅದಾಳ, ನಾಕು ಮಂದಿ ನಡುವ ಅದಾಳ. ನಿಮ್ಮನ್ನ ಯಾರರ ನೋಡ್ಕೋಬೇಕು. ಕುಂದರ್ರಿ. ಇವತ್ತ ನಿಮ್ಮ ಕೈ ನಿಮ್ಮ ಮಾತ ಕೇಳವಲ್ದು.”

ಆ ತುಂಡನ್ನು ಕೈ ಡ್ರಿಲ್ಲಿನಿಂದ ಕೊರೆದು ತೆಗೆಯಲು ಎರಡು ದಿನ ಹಿಡಿಯಿತು. ಡ್ರಿಲ್ಲನ್ನು ಅವರು ನನಗೆ ಕೊಡಲಿಲ್ಲ.

ಇಂಜಿನ್ ಶುರುವಾದ ದಿನ ಗಲ್ಲಿಗೆ ಗಲ್ಲಿಯೇ ಹೊಗೆಯಾಯಿತು. ಮಿಸ್ತ್ರಿ ಹಿಡಿ ಕಚ್ಚಿ ಕೇಳಿ, ತಲೆ ಆಡಿಸಿ, “ನಿಧಾನಕ್ಕ ಹೋಗ್ರಿ,” ಎಂದರು. ಮಾನ್ವಿ ಕಡೆಗೆ ನಾನು ಜೋರಾಗಿಯೇ ಹೋದೆ. ನೀರಮಾನ್ವಿಯ ಹತ್ತಿರ ರೇಡಿಯೇಟರ್ ಕುದಿದು ನಿಂತಿತು. ಬಟ್ಟೆ ಒಗೆದು ಬರುತ್ತಿದ್ದ ಹೆಂಗಸೊಬ್ಬಳು ಕೊಡದಲ್ಲಿದ್ದ ನೀರು ಕೊಟ್ಟು, “ಇದಕ್ಕ ಬಾಯಾರಿಕಿ ಬಾಳ ಅದ ಬಿಡ್ರಿ,” ಎಂದಳು.

ಮುಂದೆ ಒಂದು ಮಂಗಳವಾರ, ಎಂಟನೆಯ ತರಗತಿಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಾಗ ಹೆಡ್‌ಮಾಸ್ತರರು ಬಾಗಿಲಿಗೆ ಬಂದರು: ಮಾನ್ವಿಯಿಂದ ಫೋನು. ಚಾಕ್‌ಪೀಸು ಕೈಯಲ್ಲೇ ಇತ್ತು, ಹಾಗೇ ಕಾರು ಹತ್ತಿದೆ. ದಾರಿಯಲ್ಲಿ ಎರಡು ಸಲ ನಿಂತು ನೀರು ಹಾಕಿದೆ. ಎರಡನೆಯ ಸಲ ಇಂಜಿನ್ ತಣ್ಣಗಾಗುವವರೆಗೆ ಕಾಯಲೇಬೇಕಾಯಿತು, ಕಾದೆ. ಮುಟ್ಟುವಷ್ಟರಲ್ಲಿ ಮಗಳು ಹುಟ್ಟಿ ಒಂದು ತಾಸಾಗಿತ್ತು. ಹೆಂಡತಿ ಬಿಳಿಚಿಕೊಂಡಿದ್ದಳು. ನನ್ನ ಕೈ ನೋಡಿ, “ತೊಳಕೊಂಡ ಬರ್ರಿ, ಆಮ್ಯಾಲ ಮುಟ್ಟೀರಿ,” ಎಂದಳು. ನಲ್ಲಿಯ ಕೆಳಗೆ ಕೈ ಹಿಡಿದು ಚಾಕಿನ ಪುಡಿಯನ್ನೂ ಎಣ್ಣೆಯ ಕಲೆಯನ್ನೂ ಉಜ್ಜಿ ತೊಳೆದೆ.

ಮರುವರ್ಷ ನನಗೆ ಮಾನ್ವಿಗೇ ವರ್ಗವಾಯಿತು. ಓಡುವ ಅಗತ್ಯ ಮುಗಿದರೂ ಕಾಲು ನಿಲ್ಲಲಿಲ್ಲ. ಮಗಳಿಗೂ ತೊಟ್ಟಿಲಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಕಾರಿನಲ್ಲಿ ಕೂತರೆ ಮಾತ್ರ ಕಣ್ಣು ಮುಚ್ಚುತ್ತಿದ್ದಳು, ನಿಲ್ಲಿಸಿದೊಡನೆ ಎಚ್ಚರ. ಊರಾಚೆ ಮಲ್ಲಟದ ದಾರಿಯಲ್ಲಿ ಎಷ್ಟೋ ಸಂಜೆ ನಾವು ಮೂವರೂ ಸುಮ್ಮನೆ ತಿರುಗಿದ್ದೇವೆ.