ಅಡ್ಡ ನಿಂತು ಎಣಿಸಿದ ಹಂಚು

ವಡಗಾವಿಯ ಶಾಲೆಯ ಮಾಡಿಗೆ ಹಂಚು ತರಲು ಖಾನಾಪುರದ ಭಟ್ಟಿಗೆ ಹೋಗಿದ್ದೆ. ನಾಲ್ಕು ಸಾಲು, ಸಾಲಿಗೆ ಹದಿಮೂರು ಅಟ್ಟಿ, ಅಟ್ಟಿಗೆ ಇಪ್ಪತ್ತೈದು ಹಂಚು. ಲೆಕ್ಕವಾಗದೆ ಚಕ್ಕಡಿಗೆ ಏರಿಸುವಂತಿಲ್ಲ. ಹೊತ್ತು ಮುಳುಗಿದರೆ ಭಟ್ಟಿಗೆ ಬೀಗ. ಅಲ್ಲಿಯ ಗುಮಾಸ್ತರೋ, ಇಪ್ಪತ್ತೈದನ್ನು ಹದಿಮೂರರಿಂದ ಗುಣಿಸಲು ಹೋಗಿ ಮತ್ತೆ ಮತ್ತೆ ತಪ್ಪುತ್ತಿದ್ದರು.

"ಈ ಬಾಜೂಕ ಬರ್ರಿ!" ಎಂದೆ. "ಅಡ್ಡ ನೋಡ್ರಿ. ಸಾಲಿಗೊಂದರಂಗ ನಾಕು ಅಟ್ಟಿ, ಅಂದ್ರ ನೂರು ಹಂಚು. ಅಂಥಾವು ಹದಿಮೂರು. ಹದಿಮೂರು ನೂರು!"

"ನಿಂತ ಜಾಗಾ ಬದಲಾದ್ರ ಲೆಕ್ಕ ಬದಲಾಗೂದಿಲ್ಲೇನ್ರೀ?" ಎಂದು ಗೊಣಗುತ್ತಲೇ ಅವರು ಒಪ್ಪಿದರು.

ಚಕ್ಕಡಿಗಳು ಊರು ದಾಟುವಾಗ ಗುಮಾಸ್ತರು ಧೋತರ ಎತ್ತಿ ಹಿಡಿದು ಹಿಂದೆ ಓಡಿ ಬಂದರು. ಹಂಚು ಹೆಚ್ಚಿಗೆ ಬಂದವೇನೋ ಎಂದು ಚಕ್ಕಡಿಗಳನ್ನು ನಿಲ್ಲಿಸಿದೆ.

"ಖಾಲಿ ಅಂಗಳದಾಗ ಅಟ್ಟಿ ಕೂತ ಗುರುತು ಎಣಿಸಿದ್ನಿ, ಐವತ್ತೆರಡು! ಇಪ್ಪತ್ತೈದರಿಂದ ಗುಣಿಸಿದ್ರೂ ಹದಿಮೂರು ನೂರೇ ಬಂತ್ರೀ!"

ಭಟ್ಟಿಯ ಬಾಗಿಲಿಗೆ ಹಾಕಬೇಕಾದ ಬೀಗ ಅವರ ಕೈಯಲ್ಲೇ ಇತ್ತು.