ಝಾಡಿಸಿ ಹಾಸಿದ ಜಮಖಾನೆ

ನಮ್ಮ ಮನೆಯ ಕೆಂಪು-ನೀಲಿ ಪಟ್ಟೆಯ ಜಮಖಾನೆಗೆ ಅವ್ವನ ಕಾಟ ತಪ್ಪಿದ್ದೇ ಇಲ್ಲ. ಬೀಗರು ಬಾಗಿಲಿಗೆ ಬಂದು ನಿಂತಿದ್ದರೂ ಸರಿಯೇ, ಆಕೆ ಅದನ್ನು ಅಂಗಳಕ್ಕೆ ಒಯ್ದು, ಫಟಫಟ ಝಾಡಿಸಿ, ಮಡಿಕೆ ಮಡಿಕೆಗೂ ಕಣ್ಣಾಡಿಸಿ, ಆಮೇಲೆಯೇ ಹಾಸುತ್ತಿದ್ದಳು. ನಮ್ಮ ಕುಷ್ಟಗಿ ಸೀಮೆಯ ಕಲ್ಲುನೆಲದ ಚೇಳುಗಳಿಗೆ ಮಡಚಿಟ್ಟ ಬಟ್ಟೆಯೆಂದರೆ ಬಲು ಪ್ರೀತಿ, ನೋಡಿ. "ಚೇಳು ಐತಂತ ಅಲ್ಲ, ಇಲ್ಲಂತ ಗೊತ್ತಾಗಬೇಕಲ್ಲ" ಎನ್ನುವುದು ಅವಳ ಸಮಜಾಯಿಷಿ. ಒಂದು ಚೇಳೂ ಉದುರಿದ್ದನ್ನು ಕಾಣದ ನಾನು ಇದು ಆಕೆಯ ಹಟವೆಂದು ನಗುತ್ತಿದ್ದೆ.

ಡಿಗ್ರಿಗೆ ಸೇರಿದ ಮೇಲೆ ನೋಡಿದರೆ ಅಲ್ಲಿಯೂ ಝಾಡಿಸುವವರೇ! ನಾನೋ, ಅಚ್ಚಾದದ್ದೆಲ್ಲ ಸತ್ಯವೆಂದು ನಂಬಿ, ಗೈಡನ್ನು ಗಿಳಿಪಾಠ ಒಪ್ಪಿಸಿ ಶಭಾಷ್‌ಗಿರಿ ಪಡೆದು ಬಂದವಳು. ಇತಿಹಾಸದ ಮೇಡಂ ರಾಜನನ್ನು ಶೂರರ ಶೂರನೆಂದು ಹೊಗಳುವ ಶಾಸನವೊಂದನ್ನು ಓದಿಸಿ, "ಈ ಕಲ್ಲು ಕೆತ್ತಿಸಿದವರು ಯಾರವಾ?" ಎಂದು ಕೇಳಿದರು. ಅದೇ ರಾಜ ಎಂದು ಹೊಳೆದಾಗ ತರಗತಿಗೆ ತರಗತಿಯೇ ನಕ್ಕಿತು. ಅರ್ಥಶಾಸ್ತ್ರದ ಸರ್ ಸರಾಸರಿ ಆದಾಯವನ್ನು ಬೋರ್ಡಿನ ಮೇಲೆ ಬರೆದು, "ಇದರಾಗ ನಿಮ್ಮ ಓಣಿ ಎಲ್ಲೈತಿ ಹುಡುಕ್ರಿ" ಎಂದರು. ನಾವು ಇನ್ನೂ ಹುಡುಕುತ್ತಿದ್ದೇವೆ. ಕನ್ನಡದ ಸರ್ ಅಂತೂ ಭಾವಾರ್ಥ ಬಿಟ್ಟು, "ಈ ಪದ್ಯದಾಗ ಬಾಯಿನ ಬಿಡದಾಕಿ ಯಾರು? ಮೊದ್ಲ ಆಕಿನ್ನ ಮಾತಾಡಸ್ರಿ" ಎನ್ನುತ್ತಿದ್ದರು. ಪರೀಕ್ಷೆಗೆ ಬಾರದ ಈ ಪ್ರಶ್ನೆಗಳನ್ನು ಕಟ್ಟಿಕೊಂಡು ಏನು ಮಾಡುವುದೆಂದು ನನಗೆ ಸಿಟ್ಟೇ ಬರುತ್ತಿತ್ತು.

ಎರಡನೆಯ ವರ್ಷದಲ್ಲಿದ್ದಾಗ ಸೋದರಮಾವ ನನಗೆ ಯಲಬುರ್ಗಾ ಕಡೆಯ ಸಂಬಂಧವೊಂದನ್ನು ತಂದ. ಹೊಲ-ಮನೆ ಉಳ್ಳ ಮಂದಿ, ಹುಡುಗನಿಗೆ ನೌಕರಿ. ಓದು ಅರ್ಧಕ್ಕೇ ನಿಲ್ಲುತ್ತದಲ್ಲ ಎಂದು ನನಗೆ ಒಳಗೊಳಗೇ ಅಳು. ಅದನ್ನು ಗುರುತಿಸಿದವರಂತೆ, ಹೆಣ್ಣು ನೋಡಲು ಬಂದ ಹುಡುಗನ ತಾಯಿ ಜಮಖಾನೆಯ ನಡುವೆ ಕುಳಿತು, "ಮುಂದ ನಾವ ಓದಸ್ತೀವ್ರಿ, ನಮ್ಮ ಮನ್ಯಾಗ ಸೊಸಿ ಅಂದ್ರ ಮಗಳಿದ್ಹಂಗ" ಎಂದರು. ಅಪ್ಪನ ಮುಖ ಅರಳಿತು. ಮಾವ ಇನ್ನೇನು ಮಾತು ಮುಗಿಯಿತೆಂಬಂತೆ ಮಂಡಾಳ ಒಗ್ಗರಣೆಯ ತಟ್ಟೆಗೆ ಕೈ ಹಾಕಿದ. ಆ ಮಾತನ್ನು ನಂಬಿ ಹಗುರಾಗಿಬಿಡೋಣವೆಂದು ನನಗೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಕಾಲೇಜಿನ ಗುಂಗು ಬಿಡಬೇಕಲ್ಲ! ಮನೆತನವನ್ನು ಹೊಗಳುತ್ತಿರುವವರು ಮನೆತನದವರೇ. ಹಾಗಾದರೆ ಇಲ್ಲಿ ಬಾಯಿ ಬಿಡದವರು ಯಾರು? ಜಮಖಾನೆಯ ಅಂಚಿನಲ್ಲಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಆ ಮನೆಯ ಹಿರಿಯ ಸೊಸೆ ಕುಳಿತಿದ್ದಳು.

"ಅಕ್ಕಾರ, ಮದುವಿಗಿಂತ ಮೊದ್ಲ ನೀವೂ ಓದಾಕತ್ತಿದ್ರೇನ್ರಿ?" ಎಂದೆ.

ಆಕೆ ಅತ್ತೆಯ ಕಡೆ ನೋಡಿದಳು, ಕೂಸಿನ ಕಡೆ ನೋಡಿದಳು. "ಬಿ.ಎ. ಓದಾಕತ್ತಿದ್ದೆವಾ. ಆಮ್ಯಾಲ ಓದಸ್ತೀವಿ ಅಂದಿದ್ರು. ಹಂಗ ಉಳೀತು."

ಬಂದವರು ಚಹಾ ಕುಡಿದು ಎದ್ದುಹೋದರು. ಆ ಸಂಬಂಧ ಅಲ್ಲಿಗೇ ನಿಂತಿತು. "ಭಾಳ ಓದಿಸಿದ್ರ ಹಿಂಗ ಆಗೂದು" ಎಂದು ಮಾವ ಚಪ್ಪಲಿ ಮೆಟ್ಟಿ ನಡೆದ. ಅವ್ವ ಮಾತ್ರ ಜಮಖಾನೆ ಮಡಚುತ್ತ ಕಣ್ಣು ತುಂಬಿಕೊಂಡಳು: "ಇಷ್ಟ್ ದಿನ ಬರೇ ಜಮಖಾನಿ ಝಾಡಿಸಿದ್ನಲ್ಲವಾ ನಾ."

ಪ್ರಶ್ನೆ ಕೇಳುವವರು ಮನೆ ಮುರಿಯುತ್ತಾರೆ ಎನ್ನುವವರು ಊರಿಗಿಷ್ಟು ಮಂದಿ ಇದ್ದಾರೆ, ಗೆಳೆಯರೇ. ಆದರೆ ಝಾಡಿಸುವವರು ಜಮಖಾನೆಯನ್ನು ತಿಪ್ಪೆಗೆ ಎಸೆಯುವುದಿಲ್ಲ. ನಾಲ್ಕು ಮಂದಿ ನಿಶ್ಚಿಂತೆಯಿಂದ ಕೂರಲಿ ಎಂದೇ ಅಲ್ಲವೇ ಅವರು ತೋಳು ನೋಯಿಸಿಕೊಳ್ಳುವುದು? ಬೇರೆ ಬೇರೆ ವಿಷಯಗಳ ಹೆಸರಿನಲ್ಲಿ ನನಗೆ ಕಲಿಸಿದ್ದು ಇದೊಂದನ್ನೇ ಎಂದು ಈಗ ತಿಳಿಯುತ್ತದೆ. ಆದರೂ ಒಂದು ಅಳುಕು ನನ್ನನ್ನು ಬಿಟ್ಟಿರಲಿಲ್ಲ: ನನ್ನ ಪ್ರಶ್ನೆಯಿಂದ ಆ ಅಕ್ಕನಿಗೆ ಮನೆಯಲ್ಲಿ ಏನು ಕಷ್ಟವಾಯಿತೋ?

ಮರುವರ್ಷ ಕೊನೆಯ ಪರೀಕ್ಷೆ ಬರೆದು ಕೊಪ್ಪಳದ ಕೇಂದ್ರದಿಂದ ಹೊರಬಂದರೆ, ಗೇಟಿನಾಚೆಯ ಬೇವಿನ ಮರದಡಿ ಆ ಅಕ್ಕನ ಅತ್ತೆ, ಕಂಕುಳಲ್ಲಿ ಅದೇ ಕೂಸು.

"ನಿಮ್ಮಕ್ಕ ಒಳಗ ಬರ್ಯಾಕತ್ಯಾಳ" ಎಂದರು ಆಕೆ, ನನ್ನ ಮುಖ ನೋಡದೆ. "ಮಾತು ಕೊಟ್ಟಿದ್ದು ಖರೇನವಾ. ಕೇಳಾವ್ರಿಲ್ದ ಮರ್ತಿದ್ವಿ."

ಕೂಸಿಗೆ ನಿದ್ದೆ ಹತ್ತಿತ್ತು. ಅದನ್ನು ನನ್ನ ಕೈಗೆ ಕೊಟ್ಟು, ಚೀಲದಿಂದ ಕೌದಿ ತೆಗೆದು, ಫಟಫಟ ಝಾಡಿಸಿ, ಮರದ ಬುಡದಲ್ಲಿ ಹಾಸಿದರು.

"ಕುಂದ್ರು ಬಾರವಾ" ಎಂದರು. ನಾನು ಕುಳಿತೆ.